ಜಾಲತಾಣದ ವಿಳಾಸಕ್ಕೆ ಇಮೋಜಿ: ಮಾಟುಂಗಾದ ಹೋಟೆಲೊಂದಕ್ಕೆ ನಾನು ಮಾಡಿಕೊಟ್ಟದ್ದು

ಮುಂಬಯಿಯ ಉಡುಪಿ ಹೋಟೆಲುಗಳಿಗೆ, ಮುಲುಂಡ್, ಡೊಂಬಿವಲಿ ಕಡೆಯ ಕನ್ನಡ ಸಂಘಗಳಿಗೆ ಜಾಲತಾಣ ಕಟ್ಟಿಕೊಡುವುದು ನನ್ನ ಕಸುಬು. ವಿಳಾಸದಲ್ಲೇ ಇಮೋಜಿ ಹಾಕಿಸಬಹುದೇ ಎಂದು ಕೇಳುವ ಗಿರಾಕಿಗಳು ಆಗಾಗ ಸಿಗುತ್ತಾರೆ. ಹಾಕಿಸಬಹುದು, ಹಾಕಿಸಿಕೊಟ್ಟೂ ಇದ್ದೇನೆ. ಆದರೆ ಅದನ್ನು ಅಂಗಡಿಯ ಮುಂಬಾಗಿಲು ಮಾಡಿಕೊಳ್ಳಬಾರದು ಎಂಬುದು ಮಾಡಿ ನೋಡಿದ ಮೇಲೆ ನನಗೆ ಬಂದಿರುವ ಗಟ್ಟಿ ಅಭಿಪ್ರಾಯ. ಆ ಅಭಿಪ್ರಾಯಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಾಟುಂಗಾದ ಕಿಂಗ್ಸ್ ಸರ್ಕಲ್ ಸುತ್ತಮುತ್ತ ಫಿಲ್ಟರ್ ಕಾಫಿಗೆ ಹೆಸರಾದ ಹೋಟೆಲುಗಳಿಗೆ ಕೊರತೆಯಿಲ್ಲ. ಅಂಥದ್ದೊಂದರ ಯಜಮಾನರ ಮಗಳು ಆಗ ಕಾಲೇಜಿನಲ್ಲಿ ಓದುತ್ತಿದ್ದಳು. ಬಯಕೆ ಅವಳದು. "ಅಂಕಲ್, ಹೆಸರೇ ಬೇಡ, ಕಾಫಿ ಕಪ್ಪಿನ ಚಿತ್ರ ಒತ್ತಿದರೆ ನಮ್ಮ ಮೆನು ತೆರೆದುಕೊಳ್ಳಬೇಕು" ಎಂದಳು. ಶೆಟ್ಟರು ನನ್ನ ಮುಖ ನೋಡಿ, "ಆಗುವುದಾದರೆ ಮಾಡಿಕೊಡಿ ಮಾರಾಯರೇ, ಆದರೆ ಹಳೆಯ ಗಿರಾಕಿಗಳಿಗೆ ತೊಂದರೆಯಾಗಬಾರದು" ಎಂದರು. ಇಬ್ಬರ ಮಾತೂ ನ್ಯಾಯವಾದದ್ದೇ. ಇಡ್ಲಿಗೆ, ದೋಸೆಗೆ, ಡವರಾ ಲೋಟಕ್ಕೆ ಇಮೋಜಿ ಇಲ್ಲ. ಇರುವುದು ಹಬೆಯಾಡುವ ಒಂದು ಬಿಳಿ ಕಾಫಿ ಕಪ್ಪು ಮಾತ್ರ. ಅಷ್ಟಾದರೂ ಇದೆಯಲ್ಲ ಎಂದು ಕೆಲಸ ಶುರು ಮಾಡಿದೆ.

ಇಂಟರ್‌ನೆಟ್ಟಿನ ಹೆಸರು ವ್ಯವಸ್ಥೆಗೆ ಇಮೋಜಿ ಎಂದರೇನೆಂದೇ ಗೊತ್ತಿಲ್ಲ. ಅಲ್ಲಿ ಹೆಸರುಗಳು ನಡೆಯುವುದು ಇಂಗ್ಲಿಷಿನ 26 ಅಕ್ಷರ, 10 ಅಂಕಿ ಮತ್ತು ಒಂದು ಹೈಫನ್‌ನಲ್ಲಿ. ಮಿಕ್ಕ ಯಾವ ಲಿಪಿಯಾದರೂ, ಚಿಹ್ನೆಯಾದರೂ ಮೊದಲು ಈ ವೇಷ ಹಾಕಿಕೊಳ್ಳಬೇಕು. ವೇಷ ಹಾಕಿಸುವ ವಿಧಾನಕ್ಕೆ ಪ್ಯೂನಿಕೋಡ್ ಎಂದು ಹೆಸರು, 2003ರಿಂದ ಬಳಕೆಯಲ್ಲಿದೆ. ಕಾಫಿ ಕಪ್ಪನ್ನೇ ತೆಗೆದುಕೊಳ್ಳಿ. ಎಲ್ಲ ಲಿಪಿಗಳ ಅಕ್ಷರಗಳಿಗೂ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ ದಶಮಾನದಲ್ಲಿ 9749. ಮೊದಲ 128 ಸ್ಥಾನಗಳು ಹಳೆಯ ಇಂಗ್ಲಿಷ್ ಪಟ್ಟಿಗೆ ಮೀಸಲಾದ್ದರಿಂದ ಅಷ್ಟನ್ನು ಕಳೆಯಬೇಕು, ಉಳಿಯುವುದು 9621. ಈ ಸಂಖ್ಯೆಯನ್ನು 26 ಅಕ್ಷರ ಮತ್ತು 10 ಅಂಕಿಗಳ 36 ಗುರುತುಗಳಲ್ಲಿ ಪ್ಯೂನಿಕೋಡ್ ತನ್ನದೇ ಲೆಕ್ಕದಲ್ಲಿ ಬರೆದಾಗ ಸಿಗುವುದು ಐದು, ಮೂರು, ಎಚ್. ಇದು ವೇಷ ಎಂದು ತಿಳಿಸಲು ಮುಂದೆ ಎಕ್ಸ್, ಎನ್ ಮತ್ತು ಎರಡು ಹೈಫನ್ ಸೇರುತ್ತವೆ. ಮಗಳು ಕಪ್ಪನ್ನು ಒತ್ತಿದಾಗ ತಂತಿಯಲ್ಲಿ ಹೋಗುವುದು ಈ ಏಳು ಗುರುತುಗಳು. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ಅವಳಿಗೆ ಬಹಳ ಸಂತೋಷವಾಯಿತು. ನನಗೂ ಈ ಲೆಕ್ಕ ಇಂದಿಗೂ ಚೆಂದವೆನಿಸುತ್ತದೆ.

ಇಷ್ಟು ಸುಲಭವಾದರೆ ಎಲ್ಲ ಕಡೆ ಏಕೆ ಕೊಡುವುದಿಲ್ಲ? ಇಂಗ್ಲಿಷೇತರ ಹೆಸರುಗಳಿಗಾಗಿ ಮಾಡಿದ ಮೊದಲ ನಿಯಮಾವಳಿ ಚಿಹ್ನೆಗಳ ವಿಷಯದಲ್ಲಿ ಉದಾರವಾಗಿತ್ತು. 2008ರ ಹೆಸರಿನಲ್ಲಿರುವ, 2010ರಲ್ಲಿ ಪ್ರಕಟವಾದ ಎರಡನೆಯ ನಿಯಮಾವಳಿ ಭಾಷೆಯ ಅಕ್ಷರಗಳನ್ನು, ಅಂಕಿಗಳನ್ನು ಉಳಿಸಿಕೊಂಡು ಚಿಹ್ನೆಗಳನ್ನು ಹೊರಗಿಟ್ಟಿತು. ಹೆಸರುಗಳ ಉಸ್ತುವಾರಿ ನೋಡುವ ಐಕ್ಯಾನ್ ಸಂಸ್ಥೆಯ ಭದ್ರತಾ ಸಲಹಾ ಸಮಿತಿ 2017ರ ಮೇ ತಿಂಗಳಲ್ಲಿ, ವಿಳಾಸಗಳಲ್ಲಿ ಇಮೋಜಿ ಬೇಡ ಎಂದು ಸ್ಪಷ್ಟವಾಗಿ ಹೇಳಿತು. ಹಾಗಾಗಿ ಡಾಟ್ ಕಾಂನಲ್ಲಿ ಹೊಸದಾಗಿ ಇಮೋಜಿ ಹೆಸರು ಸಿಗುವುದಿಲ್ಲ. ನಿಯಮ ಬಿಗಿಯಾಗುವ ಮೊದಲು ಪಡೆದ ಕೆಲವು ಚಿಹ್ನೆಗಳು ಮಾತ್ರ ಉಳಿದುಕೊಂಡಿವೆ. ವಿಳಾಸದ ಕೊನೆಯಲ್ಲಿ ಬರುವ ದೇಶಗಳ ಸಂಕೇತಗಳ ಮೇಲೆ ಐಕ್ಯಾನ್‌ಗೆ ಅಷ್ಟು ಹಿಡಿತವಿಲ್ಲ. ಸಮೋವಾದ ಡಾಟ್ ಡಬ್ಲ್ಯೂಎಸ್, ಟೋಂಗಾದ ಡಾಟ್ ಟಿಒ ಮುಂತಾದವು ಕೊಡುತ್ತವೆ. 2015ರಲ್ಲಿ ಕೋಕಾ ಕೋಲಾ ಪೋರ್ಟೊ ರಿಕೊದಲ್ಲಿ ನಗುಮುಖಗಳನ್ನೇ ವಿಳಾಸ ಮಾಡಿ ಜಾಹೀರಾತು ಹಾಕಿದ್ದು ಸಮೋವಾದ ಸಂಕೇತದಲ್ಲಿಯೇ. ಒಂದೇ ಚಿಹ್ನೆಯ ಒಳ್ಳೆಯ ಹೆಸರುಗಳು ಹೆಚ್ಚುಕಡಿಮೆ ಮುಗಿದುಹೋಗಿರುವುದರಿಂದ ನಾವು ಕಪ್ಪಿನ ಪಕ್ಕದಲ್ಲಿ ಕೆಂಪು ಹೃದಯ ಸೇರಿಸಿ ಒಂದು ದ್ವೀಪ ದೇಶದ ಸಂಕೇತದಲ್ಲಿ ಕೊಂಡೆವು.

ಇಲ್ಲಿಂದ ಮುಂದೆ ನನ್ನ ಸಮಯವೆಲ್ಲ ಹೋದದ್ದು ಆ ಹೃದಯದ ಹಿಂದೆ.

ಫೋನಿನ ಕೀಲಿಮಣೆಯಲ್ಲಿ ಹೃದಯಗಳ ಸಾಲೇ ಇದೆ. ಕೆಂಪು ಹೃದಯಕ್ಕೆ ಯುನಿಕೋಡ್ ಪಟ್ಟಿಯಲ್ಲಿರುವ ಹೆಸರು ಹೆವಿ ಬ್ಲ್ಯಾಕ್ ಹಾರ್ಟ್, ಏಕೆಂದರೆ ಅದು ಇಮೋಜಿಗಳಿಗಿಂತ ಹಳೆಯದು, ಕಪ್ಪು ಮಸಿಯಲ್ಲಿ ಅಚ್ಚಾಗುತ್ತಿದ್ದ ಅಲಂಕಾರ ಚಿಹ್ನೆಗಳ ಗುಂಪಿನದು. ನಿಜವಾಗಿ ಕಪ್ಪಾಗಿರುವ ಹೃದಯ ಬೇರೆಯೇ ಇದೆ, ಅದು 2016ರಲ್ಲಿ ಸೇರಿತು. ಇಸ್ಪೀಟಿನ ಹೃದಯ ಇನ್ನೊಂದು. ಅದೂ ಫೋನಿನಲ್ಲಿ ಕೆಂಪಾಗಿಯೇ ಕಾಣುತ್ತದೆ. ನೋಡುವವರಿಗೆ ಇಸ್ಪೀಟಿನ ಹೃದಯಕ್ಕೂ ನಮ್ಮ ಕೆಂಪು ಹೃದಯಕ್ಕೂ ವ್ಯತ್ಯಾಸವೇ ಇಲ್ಲ, ಹೆಸರು ವ್ಯವಸ್ಥೆಗೆ ಅವೆರಡೂ ಪರಸ್ಪರ ಸಂಬಂಧವಿಲ್ಲದ ಎರಡು ಹೆಸರುಗಳು. ಪರೀಕ್ಷೆಗೆಂದು ಹೋಟೆಲಿನ ಹುಡುಗರಿಗೆ, ಪಕ್ಕದ ಹೂವಿನ ಅಂಗಡಿಯವರಿಗೆ, ಕೆಲವು ಕಾಯಂ ಗಿರಾಕಿಗಳಿಗೆ ಅಚ್ಚು ಮಾಡಿದ ಚೀಟಿ ತೋರಿಸಿ ಟೈಪ್ ಮಾಡಿ ಎಂದೆ. ಇಸ್ಪೀಟಿನದನ್ನು ಒತ್ತಿದವರಿದ್ದರು, ಮಿನುಗುವ ಹೃದಯ ಒತ್ತಿದವರಿದ್ದರು. ಕಪ್ಪಿನ ಬದಲು ಹಿಡಿಯಿಲ್ಲದ ಹಸಿರು ಚಹಾ ಬಟ್ಟಲನ್ನು ಆರಿಸಿದವರೂ ಇದ್ದರು. ಅವರು ಹೋದ ಜಾಗದಲ್ಲಿ ಯಾರೋ ವಂಚಕರು ಅಂಥದ್ದೇ ಹೆಸರು ಕೊಂಡು ಕುಳಿತಿದ್ದರೆ? ನಮ್ಮ ಮೆನುವಿನ ಜೊತೆ ಹಣ ಪಾವತಿಯ ಕೊಂಡಿಯೂ ಇರುತ್ತದೆ. ಇದು ನನಗೆ ಸಣ್ಣ ಸಂಗತಿಯಾಗಿ ಕಾಣಲಿಲ್ಲ.

ಚಿತ್ರ ಬಿಡಿಸುವುದು ಆಯಾ ಕಂಪನಿಗೆ ಬಿಟ್ಟ ವಿಷಯ ಎಂಬುದೂ ಇದಕ್ಕೆ ಸೇರುತ್ತದೆ. 2016ರಲ್ಲಿ ಆಪಲ್ ಪಿಸ್ತೂಲಿನ ಇಮೋಜಿಯನ್ನು ಮಕ್ಕಳ ನೀರಿನ ಪಿಸ್ತೂಲನ್ನಾಗಿ ಬದಲಾಯಿಸಿತು. ಉಳಿದವರು ಅದೇ ದಾರಿ ಹಿಡಿಯುವಷ್ಟರಲ್ಲಿ ಎರಡು ವರ್ಷ ಹಿಡಿಯಿತು. ಆ ನಡುವೆ ಒಬ್ಬರು ಆಟಿಕೆ ಕಳುಹಿಸಿದರೆ ಇನ್ನೊಬ್ಬರಿಗೆ ಆಯುಧ ಕಾಣುತ್ತಿತ್ತು. ವಿಳಾಸದಲ್ಲಿರುವ ಗುರುತಿಗೆ ಹೀಗಾದರೆ ನಾಮಫಲಕದ ಅಕ್ಷರವನ್ನು ಬೇರೆಯವರು ಬಂದು ತಿದ್ದಿ ಹೋದಂತೆ.

ಮಾತಿನಲ್ಲಿ ಹೇಳುವುದಂತೂ ಇನ್ನೂ ಕಷ್ಟ. ಉಡುಪಿ ಹೋಟೆಲಿನ ವ್ಯವಹಾರದಲ್ಲಿ ಅರ್ಧ ನಡೆಯುವುದು ಫೋನಿನಲ್ಲಿ. ಗಲ್ಲಾದ ಮೇಲೆ ಕುಳಿತವರು "ಒಂದು ಕಪ್ಪು, ಆಮೇಲೆ ಹೃದಯ" ಎಂದರೆ ಕೇಳುವವರು ಯಾವುದನ್ನು ಬರೆದುಕೊಳ್ಳಬೇಕು? ಕಂಪ್ಯೂಟರಿನಲ್ಲಿ ಇಮೋಜಿಗಳ ಫಲಕ ತೆರೆಯಲು ವಿಂಡೋಸ್ ಕೀಲಿಯ ಜೊತೆ ಪೂರ್ಣವಿರಾಮದ ಕೀಲಿ ಒತ್ತಬೇಕು ಎಂಬುದು ಕಚೇರಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಆ ಕಪ್ಪನ್ನು 'ಬಿಸಿ ಪಾನೀಯ' ಎಂದಷ್ಟೇ ಹೇಳುತ್ತದೆ, ಕಾಫಿ ಎನ್ನುವುದಿಲ್ಲ.

ಅರ್ಜಿ ನಮೂನೆಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಣ ಪಾವತಿ ಸೇವೆಯೊಂದರ ನಮೂನೆ ಇಮೋಜಿ ಇರುವ ವಿಳಾಸವನ್ನು ಒಪ್ಪಲೇ ಇಲ್ಲ. ಎಕ್ಸ್, ಎನ್ ಎಂದು ಶುರುವಾಗುವ ರೂಪ ಕೊಟ್ಟರೆ ಪರಿಶೀಲಿಸಿದವರಿಗೆ ಅದು ಮೋಸದ ತಾಣದಂತೆ ಕಂಡಿತು. ಅವರ ಅನುಮಾನ ತಪ್ಪು ಎನ್ನಲಾರೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಷ್ಟೇ ಇದ್ದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ, ಒಂದೇ ಒಂದು ಇಮೋಜಿ ಸೇರಿದರೂ ಅದು 70ಕ್ಕೆ ಇಳಿಯುತ್ತದೆ. ಜೊತೆಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ವಾಣಿಜ್ಯ ಸಂದೇಶಗಳಲ್ಲಿ ಕಳುಹಿಸುವ ಕೊಂಡಿಗಳನ್ನು ಮೊದಲೇ ನೋಂದಾಯಿಸಿರಬೇಕು. ಇಮೇಲ್ ವಿಳಾಸವನ್ನು ಇಮೋಜಿ ಹೆಸರಿನ ಮೇಲೆ ಕಟ್ಟುವ ಯೋಚನೆಯನ್ನು ನಾನು ಆರಂಭದಲ್ಲೇ ಕೈಬಿಟ್ಟೆ. ಸಂಬಳದ ಚೀಟಿಯೂ ಸರಕಿನ ಬಿಲ್ಲೂ ಬರುವ ವಿಳಾಸದಲ್ಲಿ ಪ್ರಯೋಗ ಸಲ್ಲದು.

ಹಾಗಾದರೆ ಏನು ಮಾಡಿದೆ? ಹೋಟೆಲಿನ ಮುಖ್ಯ ವಿಳಾಸ ಸಾಮಾನ್ಯ ಅಕ್ಷರಗಳಲ್ಲಿಯೇ ಉಳಿಯಿತು. ಕಾಫಿ ಕಪ್ಪು ಮತ್ತು ಹೃದಯದ ಹೆಸರಿಗೆ ಬಂದವರನ್ನು ಆ ಮುಖ್ಯ ವಿಳಾಸಕ್ಕೆ ದಾಟಿಸುವ ಏರ್ಪಾಡು ಮಾಡಿದೆ. ಭದ್ರತಾ ಪ್ರಮಾಣಪತ್ರವನ್ನು ಎರಡೂ ಹೆಸರುಗಳಿಗೆ ಮಾಡಿಸಿದೆ, ಏಕೆಂದರೆ ದಾಟಿಸುವ ಮೊದಲೇ ಬ್ರೌಸರ್ ಎಚ್ಚರಿಕೆ ತೋರಿಸಿದರೆ ಗಿರಾಕಿ ಅಲ್ಲಿಂದಲೇ ಹಿಂತಿರುಗುತ್ತಾನೆ. ಮೇಜಿನ ಮೇಲಿಡುವ ಕ್ಯೂಆರ್ ಫಲಕದಲ್ಲಿ ಕಣ್ಣಿಗೆ ಕಾಣುವಂತೆ ಕಾಫಿ ಕಪ್ಪು ಮತ್ತು ಹೃದಯ, ಒಳಗಿನ ಚೌಕಗಳಲ್ಲಿ ಮಾತ್ರ ಸಾಮಾನ್ಯ ವಿಳಾಸ. ಇನ್‌ಸ್ಟಾಗ್ರಾಮ್‌ನಲ್ಲಿ ಮಗಳು ಹಾಕುವ ಚಿತ್ರಗಳ ಮೇಲೆ ಇಮೋಜಿ ವಿಳಾಸ ಚೆನ್ನಾಗಿಯೇ ಓಡುತ್ತಿದೆ. ಕಾಲೇಜಿನ ಮಕ್ಕಳು ಅದನ್ನು ಒತ್ತಿ ನೋಡಿ, 'ಅರೆ, ಇದು ನಿಜವಾಗಿಯೂ ತೆರೆಯುತ್ತದೆ' ಎಂದು ಗೆಳೆಯರಿಗೆ ತೋರಿಸುತ್ತಾರೆ. ಇಮೋಜಿ ವಿಳಾಸದ ಶಕ್ತಿ ಇರುವುದು ಈ ಕುತೂಹಲದಲ್ಲಿ, ಅದನ್ನು ಕಡೆಗಣಿಸಬಾರದು.

ಇನ್ನೊಂದು ದಾರಿಯೂ ಇದೆ, ಹಲವರಿಗೆ ಅದೇ ಸಾಕು. ನಿಮ್ಮದೇ ಸಾಮಾನ್ಯ ವಿಳಾಸದ ಮುಂದೆ ಓರೆಗೆರೆ ಹಾಕಿ ಅದರಾಚೆ ಇಮೋಜಿ ಇಡುವುದು. ಇದಕ್ಕೆ ಯಾವ ದ್ವೀಪ ದೇಶಕ್ಕೂ ಹಣ ಕಟ್ಟಬೇಕಿಲ್ಲ, ಯಾರ ಒಪ್ಪಿಗೆಯೂ ಬೇಡ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಫೋನಿನಲ್ಲಿ ಕೆಂಪು ಹೃದಯ ಒತ್ತಿದಾಗ ಅದರ ಬೆನ್ನಿಗೆ ಕಣ್ಣಿಗೆ ಕಾಣದ ಇನ್ನೊಂದು ಗುರುತೂ ಹೋಗುತ್ತದೆ. 'ಇದನ್ನು ಕಪ್ಪು ಮಸಿಯ ಚಿಹ್ನೆಯಾಗಿ ಬೇಡ, ಬಣ್ಣದ ಚಿತ್ರವಾಗಿ ತೋರಿಸು' ಎಂಬ ಸೂಚನೆ ಅದು. ಹೆಸರಿನ ಭಾಗದಲ್ಲಿದ್ದರೆ ಬ್ರೌಸರ್ ಆ ಗುರುತನ್ನು ತಾನೇ ತೆಗೆದುಹಾಕುತ್ತದೆ. ಓರೆಗೆರೆಯಾಚೆ ಇದ್ದರೆ ತೆಗೆಯುವುದಿಲ್ಲ. ಹೃದಯಕ್ಕೆ ಮೂರು ಬೈಟ್, ಕಾಣದ ಗುರುತಿಗೆ ಇನ್ನು ಮೂರು. ಎರಡು ಬಗೆಯ ಬೇಡಿಕೆಗಳು ಸರ್ವರ್‌ಗೆ ಬರುತ್ತವೆ, ಒಂದು ತೆರೆಯುತ್ತದೆ, ಇನ್ನೊಂದಕ್ಕೆ 'ಪುಟ ಸಿಗಲಿಲ್ಲ' ಎಂಬ ಉತ್ತರ. ನನ್ನ ಸರ್ವರ್‌ನ ದಾಖಲೆಯಲ್ಲಿ ಒಂದೇ ಹೃದಯ ಎರಡು ಉದ್ದಗಳಲ್ಲಿ ಬಂದದ್ದನ್ನು ನೋಡಿ ಇದು ಗೊತ್ತಾಯಿತು. ಈಗ ದಾರಿ ಹೊಂದಿಸುವ ಮೊದಲೇ ಆ ಗುರುತನ್ನು ಕತ್ತರಿಸುವ ಒಂದು ಸಾಲನ್ನು ಸರ್ವರ್‌ನಲ್ಲಿ ಬರೆದಿಡುತ್ತೇನೆ. ಕಾಫಿ ಕಪ್ಪು ಯುನಿಕೋಡ್‌ನಲ್ಲಿ ಬಣ್ಣದ ಚಿತ್ರವೆಂದೇ ಗುರುತಾಗಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಈ ತಾಪತ್ರಯವಿಲ್ಲ.

ಬ್ರೌಸರ್‌ಗಳ ನಡತೆ ಒಂದೇ ರೀತಿ ಇಲ್ಲ. ಸಫಾರಿಯಲ್ಲಿ ವಿಳಾಸದ ಪಟ್ಟಿಯಲ್ಲಿ ಇಮೋಜಿಯೇ ಕಾಣುತ್ತದೆ, ಕ್ರೋಮ್‌ನಲ್ಲಿ ಎಕ್ಸ್, ಎನ್ ಎಂಬ ವೇಷದ ರೂಪ. ಕ್ರೋಮ್‌ನ ಈ ಎಚ್ಚರ ನನಗೆ ಒಪ್ಪಿಗೆ. 2017ರ ಏಪ್ರಿಲ್‌ನಲ್ಲಿ ಒಬ್ಬ ಸಂಶೋಧಕರು ಸಿರಿಲಿಕ್ ಅಕ್ಷರಗಳಿಂದ ಆಪಲ್ ಕಂಪನಿಯ ವಿಳಾಸದಂತೆಯೇ ಕಾಣುವ ಹೆಸರು ಕೊಂಡು ಬ್ರೌಸರ್‌ಗಳನ್ನು ನಂಬಿಸಿ ತೋರಿಸಿದ್ದರು.

ಈಗ ನನಗೆ ಹೆಚ್ಚು ಕಾಳಜಿಯಿರುವ ವಿಷಯ. ಡೊಂಬಿವಲಿಯ ಒಂದು ಕನ್ನಡ ಸಂಘದವರು ಕನ್ನಡದಲ್ಲಿಯೇ ವಿಳಾಸ ಬೇಕೆಂದು ಚರ್ಚಿಸುತ್ತಿದ್ದಾಗ ಕೋಶಾಧಿಕಾರಿಗಳು, "ಇಮೋಜಿ ವಿಳಾಸ ಎಲ್ಲಿಯೂ ನಡೆಯುವುದಿಲ್ಲವಂತೆ, ಕನ್ನಡದ್ದೂ ಅಂಥದ್ದೇ ತಾನೆ?" ಎಂದರು. ಅಲ್ಲ ಎಂದು ನಾನು ಏರಿದ ದನಿಯಲ್ಲೇ ಹೇಳಿದೆ. ವೇಷ ಹಾಕಿಸುವ ವಿಧಾನ ಒಂದೇ ಆದರೂ ನಿಯಮದಲ್ಲಿ ಎರಡರ ಸ್ಥಾನ ಬೇರೆ. ಎರಡನೆಯ ನಿಯಮಾವಳಿ ಇಮೋಜಿಯನ್ನು ಹೊರಹಾಕಿತು, ಕನ್ನಡದ ಅಕ್ಷರಗಳನ್ನು ಹಕ್ಕಿನಿಂದ ಒಳಗಿಟ್ಟಿತು. ಡಾಟ್ ಭಾರತ ಕನ್ನಡ ಲಿಪಿಯಲ್ಲಿಯೇ ಇದೆ, ಭಾರತದ ಇಂಟರ್‌ನೆಟ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಅದನ್ನು ನಡೆಸುತ್ತದೆ.

ಕನ್ನಡಕ್ಕೂ ಅದರದೇ ತೊಡಕುಗಳಿವೆ, ನಿಜ. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ನಡುವೆ ಕಾಣದ ಗುರುತೊಂದನ್ನು ಇಡುತ್ತೇವೆ. ಇಮೋಜಿ ಕುಟುಂಬದ ಚಿತ್ರದಲ್ಲಿ ಅಪ್ಪ, ಅಮ್ಮ, ಮಗುವನ್ನು ಅಂಟಿಸಿ ಒಂದು ಮಾಡುವ ಗುರುತು ಇದರ ಸೋದರ. ಹಳೆಯ ನಿಯಮ ಎರಡನ್ನೂ ಸುಮ್ಮನೆ ಅಳಿಸಿಬಿಡುತ್ತಿತ್ತು. ಹೊಸ ನಿಯಮ ನಮ್ಮ ಲಿಪಿಗಳ ಅಗತ್ಯ ನೋಡಿ, ಅರ್ಧಾಕ್ಷರದ ಚಿಹ್ನೆಯ ನಂತರ ಬಂದರೆ ಇರಲಿ ಎಂದು ಅವಕಾಶ ಮಾಡಿದೆ. ಆದರೂ ಹೆಸರು ಆರಿಸುವಾಗ ಅಂಥ ಜಾಗವಿರುವ ಪದವನ್ನು ನಾನು ಬೇಡವೆನ್ನುತ್ತೇನೆ. ಟೈಪ್ ಮಾಡುವವರಲ್ಲಿ ಬಹುಪಾಲು ಜನ ಆ ಗುರುತನ್ನು ಹಾಕುವುದೇ ಇಲ್ಲ. ತೆಲುಗಿನ ಕೆಲವು ಅಕ್ಷರಗಳು ನಮ್ಮವಕ್ಕೆ ಅವಳಿಯಂತಿರುವುದರಿಂದ ಎರಡೂ ಲಿಪಿಗಳಲ್ಲಿ ಒಂದೇ ರೀತಿ ಕಾಣುವ ಹೆಸರುಗಳನ್ನೂ ತಪ್ಪಿಸಬೇಕು. ಇವೆಲ್ಲ ಅಕ್ಷರ ಬಲ್ಲವರು ಕುಳಿತು ಬಗೆಹರಿಸಿಕೊಳ್ಳಬಹುದಾದ ಸಂಗತಿಗಳು. ಕನ್ನಡದ ಹೆಸರನ್ನು ಫೋನಿನಲ್ಲಿ ಹೇಳಿದರೆ ಕೇಳಿದವರು ಅದನ್ನೇ ಬರೆದುಕೊಳ್ಳುತ್ತಾರೆ. ಹೃದಯದ ಚಿತ್ರಕ್ಕೆ ಆ ಭಾಗ್ಯವಿಲ್ಲ.

ಸಂಘಕ್ಕೆ ಕನ್ನಡದ ಹೆಸರನ್ನೂ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರದ ಹೆಸರನ್ನೂ ಜೊತೆಯಾಗಿ ಕೊಳ್ಳಲು ಹೇಳಿದೆ. ಆಮಂತ್ರಣ ಪತ್ರಿಕೆಯಲ್ಲಿ ಈಗ ಕನ್ನಡದ್ದು ಮೇಲೆ, ಇಂಗ್ಲಿಷಿನದು ಕೆಳಗೆ ಅಚ್ಚಾಗುತ್ತದೆ. ಇಮೋಜಿ ಬೇಕೆಂದು ಬರುವವರಿಗೆ ಕೊಡುವ ಅಂದಾಜುಪಟ್ಟಿಯಲ್ಲಿ ಅದನ್ನು ಪ್ರಚಾರದ ಖರ್ಚು ಎಂಬ ತಲೆಬರಹದ ಕೆಳಗೆ ಬರೆಯುತ್ತೇನೆ, ಜಾಲತಾಣದ ಖರ್ಚಿನಲ್ಲಿ ಸೇರಿಸುವುದಿಲ್ಲ. ನೋಂದಣಿ ಗಿರಾಕಿಯ ಹೆಸರಿನಲ್ಲಿಯೇ ಇರಬೇಕು, ನವೀಕರಣದ ದಿನಾಂಕ ಅವರ ಲೆಕ್ಕದ ಪುಸ್ತಕದಲ್ಲೂ ಇರಬೇಕು, ಒಂದು ವರ್ಷ ಬೇಡವೆನಿಸಿದರೆ ಬಿಟ್ಟರೂ ಹೋಟೆಲಿನ ಕೆಲಸ ನಿಲ್ಲಬಾರದು. ಈ ಮೂರಕ್ಕೂ ಒಪ್ಪಿದವರಿಗೆ ಸಂತೋಷದಿಂದ ಮಾಡಿಕೊಡುತ್ತೇನೆ.