ಮೊದಲ ಸಂಬಳ ಕೊಡುವ ಮುಂಚೆ: ಕ್ಯಾಲಿಫೋರ್ನಿಯಾದಲ್ಲಿ ಪೇರೋಲ್ ತೆರಿಗೆ ನೋಂದಣಿ ಹೇಗೆ?

ಅಮೆರಿಕದಲ್ಲಿ ಅಂಗಡಿಯನ್ನೋ ಸಣ್ಣ ಕಂಪನಿಯನ್ನೋ ತೆರೆದ ನಮ್ಮವರಿಗೆಲ್ಲ ಇಐಎನ್ ಗೊತ್ತಿರುತ್ತದೆ. ಅದು ಫೆಡರಲ್ ಸರ್ಕಾರದ ತೆರಿಗೆ ಇಲಾಖೆ ಐಆರ್‌ಎಸ್ ವ್ಯಾಪಾರಕ್ಕೆ ಕೊಡುವ 9 ಅಂಕಿಯ ನಂಬರ್. ಅದು ಕೈಗೆ ಬಂದಮೇಲೆ ತೆರಿಗೆಯ ನೋಂದಣಿ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ. ಆದರೆ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡರೆ ಪೇರೋಲ್ ತೆರಿಗೆಗೆ, ಅಂದರೆ ಸಂಬಳದ ಮೇಲಿನ ತೆರಿಗೆಗೆ, ರಾಜ್ಯದ ಇನ್ನೊಂದು ನಂಬರೂ ಬೇಕು. ಅದಿಲ್ಲದೆ ಸಂಬಳ ಕೊಡುತ್ತಾ ಹೋದರೆ ದಂಡ ನಿಮಗೆ ಬೀಳುತ್ತದೆ, ನಿಜವಾದ ಪೆಟ್ಟು ಕೆಲಸ ಮಾಡಿದವರಿಗೆ ಬೀಳುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಈ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಅಲ್ಲೂ ನಿರುದ್ಯೋಗ ವಿಮೆಯ ತೆರಿಗೆಗೆ ನೋಂದಣಿ ತಪ್ಪುವುದಿಲ್ಲ. ನಾನಿಲ್ಲಿ ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಮಾತು. ಇಲ್ಲಿ ಈ ಕೆಲಸ ನೋಡಿಕೊಳ್ಳುವುದು ಎಂಪ್ಲಾಯ್‌ಮೆಂಟ್ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಎಲ್ಲರೂ ಇಡಿಡಿ ಅಂತಲೇ ಕರೆಯುತ್ತಾರೆ.

ಯಾವುದು ಈ ತೆರಿಗೆ?

ಒಂದಲ್ಲ, ನಾಲ್ಕು. ಎರಡು ಮಾಲೀಕರ ಕೈಯಿಂದ ಹೋಗುತ್ತವೆ, ಎರಡು ಕೆಲಸಗಾರರ ಸಂಬಳದಿಂದ ಹಿಡಿದು ಕಟ್ಟುವಂಥವು.

ಮಾಲೀಕರು ಕಟ್ಟುವುದರಲ್ಲಿ ದೊಡ್ಡದು ನಿರುದ್ಯೋಗ ವಿಮೆ. ಹೊಸ ಮಾಲೀಕರಿಗೆ ಮೊದಲ ಎರಡು-ಮೂರು ವರ್ಷ ಶೇ 3.4ರ ದರ. ಅದೂ ಒಬ್ಬೊಬ್ಬರ ವರ್ಷದ ಸಂಬಳದ ಮೊದಲ 7,000 ಡಾಲರ್‌ಗೆ ಮಾತ್ರ. ಅಂದರೆ ಒಬ್ಬರಿಗೆ ವರ್ಷಕ್ಕೆ ಹೆಚ್ಚೆಂದರೆ 238 ಡಾಲರ್. ಎರಡನೆಯದು ತರಬೇತಿ ತೆರಿಗೆ. ಅದೇ 7,000 ಡಾಲರ್‌ನ ಮೇಲೆ ಶೇ 0.1, ಅಂದರೆ 7 ಡಾಲರ್.

ಸಂಬಳದಿಂದ ಹಿಡಿಯಬೇಕಾದದ್ದು ಎಸ್‌ಡಿಐ ಮತ್ತು ರಾಜ್ಯದ ಆದಾಯ ತೆರಿಗೆ. ಎಸ್‌ಡಿಐ ಅಂದರೆ ಕಾಯಿಲೆ ಬಿದ್ದಾಗ, ಹೆರಿಗೆಯ ಹೊತ್ತಿಗೆ ಕೈ ಹಿಡಿಯುವ ವಿಮೆ. 1946ರಿಂದ ಇದೆ. 2004ರಲ್ಲಿ ಮಗುವನ್ನೋ ಮನೆಯ ರೋಗಿಯನ್ನೋ ನೋಡಿಕೊಳ್ಳುವ ಸಂಬಳದ ರಜೆಯೂ ಇದಕ್ಕೆ ಸೇರಿತು. 2025ರಲ್ಲಿ ಇದರ ದರ ಶೇ 1.2 ಇತ್ತು. ಮೊದಲು ಇದಕ್ಕೂ ಒಂದು ಸಂಬಳದ ಮಿತಿ ಇತ್ತು. 2024ರ ಜನವರಿ 1ರಿಂದ ಆ ಮಿತಿಯನ್ನು ತೆಗೆದುಹಾಕಿದ್ದಾರೆ. ಈಗ ಪೂರ್ತಿ ಸಂಬಳದ ಮೇಲೆ ಹಿಡಿಯಬೇಕು.

ನೀವು ನೋಂದಾಯಿಸದೆ ಸುಮ್ನೆ ಸಂಬಳ ಕೊಟ್ಟುಬಿಟ್ಟಿರಿ ಅಂದುಕೊಳ್ಳಿ. ಆರು ತಿಂಗಳ ಮೇಲೆ ಆ ಹುಡುಗಿಗೆ ಹೆರಿಗೆ ರಜೆ ಬೇಕಾಗುತ್ತದೆ, ಇಲ್ಲವೇ ವ್ಯಾಪಾರ ಬಿದ್ದು ನೀವೇ ಅವಳನ್ನು ಬಿಡಿಸಬೇಕಾಗುತ್ತದೆ. ಅವಳು ಅರ್ಜಿ ಹಾಕಿದರೆ ಇಡಿಡಿಯ ದಾಖಲೆಯಲ್ಲಿ ನಿಮ್ಮಲ್ಲಿ ದುಡಿದ ಸಂಬಳವೇ ಇರುವುದಿಲ್ಲ. ಪೇ ಸ್ಟಬ್, ಬ್ಯಾಂಕ್ ಸ್ಟೇಟ್‌ಮೆಂಟ್ ಹುಡುಕಿ ಸಾಬೀತು ಮಾಡುವ ಕಷ್ಟ ಅವಳ ತಲೆಗೆ ಬರುತ್ತದೆ, ಅದೂ ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ.

ಯಾವಾಗ ನೋಂದಾಯಿಸಬೇಕು?

ನೆನಪಿಡಬೇಕಾದ ಅಂಕಿ ಎರಡೇ: 100 ಡಾಲರ್, 15 ದಿನ. ಒಂದು ಕ್ವಾರ್ಟರ್‌ನಲ್ಲಿ, ಅಂದರೆ ಜನವರಿಯಿಂದ ಮಾರ್ಚ್, ಏಪ್ರಿಲ್‌ನಿಂದ ಜೂನ್ ಹೀಗೆ ಮೂರು ತಿಂಗಳಲ್ಲಿ, ನೀವು ಕೊಟ್ಟ ಒಟ್ಟು ಸಂಬಳ 100 ಡಾಲರ್ ದಾಟಿತೋ, ಅಲ್ಲಿಂದ 15 ದಿನದೊಳಗೆ ನೋಂದಣಿ ಆಗಬೇಕು. ಒಬ್ಬರಿಗೇ ಕೊಟ್ಟರೂ ಅಷ್ಟೆ, ಇಬ್ಬರು ಮೂವರಿಗೆ ಹಂಚಿ ಕೊಟ್ಟರೂ ಅಷ್ಟೆ. ವಾರಕ್ಕೆರಡು ಸಂಜೆ ಬರುವ ಪಾರ್ಟ್‌ಟೈಮ್ ಹುಡುಗನಿಗೂ ಮೊದಲ ವಾರದಲ್ಲೇ 100 ಡಾಲರ್ ದಾಟುತ್ತದೆ, ಅಲ್ವಾ?

ಮನೆಯಲ್ಲಿ ಮಗು ನೋಡಿಕೊಳ್ಳಲು ನ್ಯಾನಿ ಇಟ್ಟುಕೊಂಡವರಿಗೆ ಲೆಕ್ಕ ಬೇರೆ. ಕ್ವಾರ್ಟರ್‌ಗೆ 750 ಡಾಲರ್ ನಗದು ಸಂಬಳ ಮುಟ್ಟಿದಾಗ ನೋಂದಣಿ ಬೇಕು. 15 ದಿನದ ಗಡುವು ಅವರಿಗೂ ಉಂಟು.

ಕೆಲಸಗಾರರೋ ಕಾಂಟ್ರ್ಯಾಕ್ಟರೋ?

ಜಾಸ್ತಿ ಜನ ಎಡವುವುದು ಇಲ್ಲೇ. ‘ಅವರು 1099ರ ಮೇಲೆ (ಕಾಂಟ್ರ್ಯಾಕ್ಟರ್‌ಗೆ ಕೊಟ್ಟ ಹಣ ತೋರಿಸುವ ಫೆಡರಲ್ ಫಾರ್ಮ್) ಇದ್ದಾರೆ, ನಮ್ಮ ಎಂಪ್ಲಾಯಿ ಅಲ್ಲ’ ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೇವೆ. ಕಾಗದದಲ್ಲಿ ಹಾಗೆ ಬರೆದುಕೊಂಡರೆ ಸಾಲದು. 2020ರ ಜನವರಿ 1ರಿಂದ ಜಾರಿಗೆ ಬಂದ ಎಬಿ 5 ಕಾನೂನಿನ ಪ್ರಕಾರ ಕೆಲಸ ಮಾಡುವವರು ಎಂಪ್ಲಾಯಿ ಅಂತಲೇ ಮೊದಲು ಲೆಕ್ಕ. ಅಲ್ಲ ಅನ್ನಬೇಕಾದರೆ ಮೂರು ಮಾತು ನೀವು ತೋರಿಸಬೇಕು. ಅವರು ಕೆಲಸ ಮಾಡುವ ರೀತಿಯ ಮೇಲೆ ನಿಮ್ಮ ಹಿಡಿತ ಇರಬಾರದು. ಅವರು ಮಾಡುವುದು ನಿಮ್ಮ ಮಾಮೂಲಿ ವ್ಯಾಪಾರದ ಹೊರಗಿನ ಕೆಲಸವಾಗಿರಬೇಕು. ಅದೇ ಕೆಲಸದಲ್ಲಿ ಅವರಿಗೆ ತಮ್ಮದೇ ಸ್ವತಂತ್ರ ವ್ಯಾಪಾರ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಅವರು ನಿಮ್ಮ ಎಂಪ್ಲಾಯಿ. ಕೆಲವು ವೃತ್ತಿಗಳಿಗೆ ವಿನಾಯಿತಿ ಇದೆ, ಅದನ್ನು ಪರೀಕ್ಷಿಸಿ ನೋಡಿ.

ಬೇಕರಿಗೆ ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ಕಾಂಟ್ರ್ಯಾಕ್ಟರ್. ಅದೇ ಬೇಕರಿಯಲ್ಲಿ ದಿನಾ ಕೇಕ್ ಮಾಡುವವರನ್ನು ಕಾಂಟ್ರ್ಯಾಕ್ಟರ್ ಅನ್ನಲು ಬರುವುದಿಲ್ಲ.

ಇನ್ನು ಮಾಲೀಕರ ವಿಷಯ. ಸೋಲ್ ಪ್ರೊಪ್ರೈಟರ್, ಅಂದರೆ ಕಂಪನಿ ಮಾಡದೆ ಒಬ್ಬರೇ ವ್ಯಾಪಾರ ನಡೆಸುವವರು, ಆಗಿದ್ದರೆ ನೀವು ನಿಮಗೇ ಎಂಪ್ಲಾಯಿ ಅಲ್ಲ. ನಿಮ್ಮದು ಕಾರ್ಪೊರೇಷನ್ ಆಗಿದ್ದರೆ ಹಾಗಲ್ಲ. ಐಟಿ ಕನ್ಸಲ್ಟಿಂಗ್‌ಗೆ ಅಂತ ಒಬ್ಬರೇ ಎಸ್ ಕಾರ್ಪ್ (ಒಂದು ಬಗೆಯ ಕಾರ್ಪೊರೇಷನ್) ಮಾಡಿಕೊಂಡು ಅದರಿಂದ ಸಂಬಳ ತೆಗೆದುಕೊಳ್ಳುವವರು ಆ ಕಂಪನಿಯ ಎಂಪ್ಲಾಯಿಯೇ. ‘ನನ್ನಲ್ಲಿ ಯಾರೂ ಕೆಲಸಕ್ಕಿಲ್ಲ’ ಅಂದುಕೊಂಡು ಇವರು ನೋಂದಣಿಯನ್ನೇ ಮರೆಯುತ್ತಾರೆ.

ಅರ್ಜಿಗೆ ಕೂರುವ ಮುಂಚೆ

ಇಐಎನ್ ಇಲ್ಲದಿದ್ದರೆ ಮೊದಲು ಅದನ್ನು ಪಡೆಯಿರಿ. ಐಆರ್‌ಎಸ್ ವೆಬ್‌ಸೈಟ್‌ನಲ್ಲೇ ಸಿಗುತ್ತದೆ, ಪೂರ್ತಿ ಉಚಿತ. ಇದಕ್ಕೆ ದುಡ್ಡು ಕೇಳುವ ಸೈಟ್‌ಗಳಿವೆ, ಅವುಗಳ ಹತ್ತಿರ ಹೋಗಬೇಡಿ. ಇಡಿಡಿ ನೋಂದಣಿಗೂ ಶುಲ್ಕವಿಲ್ಲ.

ಆಮೇಲೆ ಇವನ್ನೆಲ್ಲ ಮೇಜಿನ ಮೇಲೆ ಇಟ್ಟುಕೊಳ್ಳಿ: ವ್ಯಾಪಾರದ ಅಧಿಕೃತ ಹೆಸರು, ಅಂಗಡಿ ಇರುವ ವಿಳಾಸ, ಪತ್ರ ಬರುವ ವಿಳಾಸ, ಮಾಲೀಕರ ಅಥವಾ ಆಫೀಸರ್‌ಗಳ ಸೋಷಿಯಲ್ ಸೆಕ್ಯುರಿಟಿ ನಂಬರ್, ಎಲ್‌ಎಲ್‌ಸಿ ಅಥವಾ ಕಾರ್ಪೊರೇಷನ್ ಆಗಿದ್ದರೆ ಸೆಕ್ರೆಟರಿ ಆಫ್ ಸ್ಟೇಟ್ (ಕಂಪನಿ ನೋಂದಾಯಿಸುವ ರಾಜ್ಯದ ಕಚೇರಿ) ಕೊಟ್ಟ ನಂಬರ್. ಹೆಸರು ಐಆರ್‌ಎಸ್ ಪತ್ರದಲ್ಲಿ ಹೇಗಿದೆಯೋ ಹಾಗೇ ಇರಲಿ. ಸಂಬಳ ಮೊದಲ ಸಲ 100 ಡಾಲರ್ ದಾಟಿದ ತಾರೀಖು, ಎಷ್ಟು ಜನ ಕೆಲಸಕ್ಕಿದ್ದಾರೆ, ಯಾವ ವ್ಯಾಪಾರ ಅನ್ನುವುದನ್ನೂ ಕೇಳುತ್ತಾರೆ. ವ್ಯಾಪಾರದ ಕಾಲಂನಲ್ಲಿ ‘ಸರ್ವಿಸ್’ ಅಂತ ಒಂದೇ ಪದ ಬರೆಯಬೇಡಿ. ಏನು ಮಾರುತ್ತೀರಿ, ಯಾರಿಗೆ ಮಾರುತ್ತೀರಿ ಅನ್ನುವುದನ್ನು ಬಿಡಿಸಿ ಬರೆಯಿರಿ.

ನಡೆಯುತ್ತಿದ್ದ ಅಂಗಡಿಯನ್ನೇ ಕೊಂಡಿದ್ದರೆ ಇನ್ನೊಂದು ಎಚ್ಚರಿಕೆ. ಹಳೆಯ ಮಾಲೀಕರ ಪೇರೋಲ್ ತೆರಿಗೆ ಬಾಕಿ ನಿಮ್ಮ ಕೊರಳಿಗೆ ಬೀಳಬಹುದು. ದುಡ್ಡು ಕೈ ಬದಲಾಗುವ ಮುಂಚೆ ಇಡಿಡಿಯ ‘ಸರ್ಟಿಫಿಕೇಟ್ ಆಫ್ ರಿಲೀಸ್ ಆಫ್ ಬಯರ್’ ಕೇಳಿ. ಮಾರಾಟ ಮುಗಿಯುವವರೆಗೆ ದುಡ್ಡು ಹಿಡಿದಿಟ್ಟುಕೊಳ್ಳುವ ಎಸ್ಕ್ರೋದವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ನೋಂದಣಿ

ಇದು ಎಲ್ಲಕ್ಕಿಂತ ಸುಲಭದ ಭಾಗ. ಇಡಿಡಿ ವೆಬ್‌ಸೈಟ್‌ನಲ್ಲಿ ‘ಇ-ಸರ್ವೀಸಸ್ ಫಾರ್ ಬಿಸಿನೆಸ್’ ಇದೆ. ಲಾಗಿನ್ ಮಾಡಿಕೊಂಡು, ಹೊಸ ಎಂಪ್ಲಾಯರ್ ನೋಂದಣಿ ಆರಿಸಿ, ಕೇಳಿದ್ದಕ್ಕೆಲ್ಲ ಉತ್ತರ ತುಂಬಿ ಕಳಿಸಿ. ಎಲ್ಲ ಸರಿಯಿದ್ದರೆ 8 ಅಂಕಿಯ ಪೇರೋಲ್ ತೆರಿಗೆ ಖಾತೆ ನಂಬರ್ ಸಾಮಾನ್ಯವಾಗಿ ಬೇಗನೇ ಸಿಗುತ್ತದೆ. ಅದನ್ನು ನಿಮ್ಮ ಪೇರೋಲ್ ಸಾಫ್ಟ್‌ವೇರ್‌ಗೆ ಹಾಕಿ. ಸಾಫ್ಟ್‌ವೇರ್ ಕಂಪನಿಯೇ ಎಲ್ಲ ಮಾಡಿಕೊಂಡಿರುತ್ತದೆ ಅಂತ ನಂಬಿ ಕೂರಬೇಡಿ, ಈ ನಂಬರ್ ತುಂಬಿದ್ದಾರಾ ಅಂತ ನೀವೇ ನೋಡಿ.

ನಂಬರ್ ಬಂದಮೇಲೆ

ಹೊಸಬರು ಸೇರಿದ 20 ದಿನದೊಳಗೆ ಅವರ ವಿವರವನ್ನು ಡಿಇ 34 ಫಾರ್ಮ್‌ನಲ್ಲಿ ತಿಳಿಸಬೇಕು. ಅವರಿಂದ ಫೆಡರಲ್ ಡಬ್ಲ್ಯು-4 ಜೊತೆಗೆ ರಾಜ್ಯದ ಡಿಇ 4 ಕೂಡ ತುಂಬಿಸಿಕೊಳ್ಳಿ. ಆದಾಯ ತೆರಿಗೆ ಎಷ್ಟು ಹಿಡಿಯಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದು. ವರ್ಕರ್ಸ್ ಕಾಂಪೆನ್ಸೇಷನ್, ಅಂದರೆ ಕೆಲಸದಲ್ಲಿ ಗಾಯವಾದರೆ ಸಿಗುವ ವಿಮೆ, ಬೇರೆಯೇ ಕಡ್ಡಾಯ. ಅದು ಈ ನೋಂದಣಿಯಲ್ಲಿ ಸೇರಿಲ್ಲ.

ಕ್ವಾರ್ಟರ್‌ಗೊಮ್ಮೆ ಸಂಬಳ, ತೆರಿಗೆಯ ಲೆಕ್ಕ ಕೊಡುವ ಡಿಇ 9 ಮತ್ತು ಡಿಇ 9ಸಿ ಫಾರ್ಮ್‌ಗಳನ್ನು ಸಲ್ಲಿಸಬೇಕು. ಡಿಇ 9ಸಿಯಲ್ಲಿ ಒಬ್ಬೊಬ್ಬರ ಹೆಸರು, ಸಂಬಳ ಇರುತ್ತದೆ. ನಾನು ಮೇಲೆ ಹೇಳಿದ ಹುಡುಗಿಯ ಅರ್ಜಿಗೆ ಆಧಾರ ಆಗುವುದು ಇದೇ ಕಾಗದ. ಕೊನೆಯ ದಿನಗಳು ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ಆ ಮೂರು ತಿಂಗಳು ಯಾರಿಗೂ ಸಂಬಳ ಕೊಡದಿದ್ದರೂ ಸೊನ್ನೆ ಅಂತ ತುಂಬಿ ಕಳಿಸಬೇಕು. 2018ರಿಂದ ಎಲ್ಲ ಮಾಲೀಕರೂ ಆನ್‌ಲೈನ್‌ನಲ್ಲೇ ಸಲ್ಲಿಸಬೇಕು, ಆನ್‌ಲೈನ್‌ನಲ್ಲೇ ಕಟ್ಟಬೇಕು. ತಡವಾಗಿ ಕಟ್ಟಿದರೆ ಶೇ 15 ದಂಡ, ಮೇಲೆ ಬಡ್ಡಿ. ಸಂಬಳದಿಂದ ಹಿಡಿದ ತೆರಿಗೆಯನ್ನು ಎಷ್ಟು ದಿನಕ್ಕೊಮ್ಮೆ ಕಟ್ಟಬೇಕು ಅನ್ನುವುದು ಹಿಡಿದ ಮೊತ್ತ ಮತ್ತು ನಿಮ್ಮ ಫೆಡರಲ್ ವೇಳಾಪಟ್ಟಿಯ ಮೇಲೆ ನಿಂತಿದೆ. ಹಿಡಿದ ದುಡ್ಡು ನಿಮ್ಮದಲ್ಲ. ಕೈ ಕಟ್ಟಿದ ತಿಂಗಳು ಬಾಡಿಗೆಗೆ ಅಂತ ಅದನ್ನು ಮುಟ್ಟಬೇಡಿ. ಅದಕ್ಕೊಂದು ಬೇರೆ ಬ್ಯಾಂಕ್ ಖಾತೆ ಇಟ್ಟುಕೊಂಡರೆ ಒಳ್ಳೆಯದು.

ಡಿಸೆಂಬರ್‌ನಲ್ಲಿ ಮುಂದಿನ ವರ್ಷದ ದರದ ನೋಟಿಸ್ ಬರುತ್ತದೆ. ಅದನ್ನು ಒಡೆದು ಓದಿ. ದರ ತಪ್ಪು ಅನ್ನಿಸಿದರೆ ತಕರಾರು ಹೇಳಲು 60 ದಿನ ಸಮಯ ಇರುತ್ತದೆ. ಮುಂದೊಂದು ದಿನ ವ್ಯಾಪಾರ ಮುಚ್ಚಿದರೆ 10 ದಿನದೊಳಗೆ ಕೊನೆಯ ಡಿಇ 9 ಮತ್ತು ಡಿಇ 9ಸಿ ಕಳಿಸಿ, ಖಾತೆ ಮುಚ್ಚಿಸಿ. ಇಲ್ಲದಿದ್ದರೆ ಅಂಗಡಿ ಇಲ್ಲದಿದ್ದರೂ ಇಡಿಡಿ ಲೆಕ್ಕ ಕೇಳುತ್ತಲೇ ಇರುತ್ತದೆ.