ಮೂಗು ಓಡಿದ ರಾತ್ರಿ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕಸುಬು. ಕಥೆ, ಕಾದಂಬರಿ ಅಲ್ಲ. ಪಂಪ್‌ಸೆಟ್ಟಿನ ಕೈಪಿಡಿ, ಔಷಧಿ ಡಬ್ಬಿಯೊಳಗಿನ ಚೀಟಿ, ಮೊಬೈಲ್ ಆ್ಯಪಿನ ಬಟನ್ನು, ಇಂಥವು. ದೊಡ್ಡ ದೊಡ್ಡ ಪದಗಳು ನನ್ನನ್ನು ಜಾಸ್ತಿ ಕಾಡಿಲ್ಲ. ನಿಘಂಟು ತೆರೆದರೆ ಸಿಕ್ಕಿಬಿಡುತ್ತವೆ. ಕಾಡಿದ್ದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುವ ‘ರನ್’.

ಮೊದಲ ಪೆಟ್ಟು ಬಿದ್ದಿದ್ದು ನೆಗಡಿ, ಜ್ವರದ ಕರಪತ್ರದಲ್ಲಿ. ರಾತ್ರಿ ಹನ್ನೊಂದಾಗಿತ್ತು, ಬೆಳಿಗ್ಗೆ ಕೊಡಬೇಕಿತ್ತು. ನಿದ್ದೆಗಣ್ಣಲ್ಲಿ ‘ಮೂಗು ಓಡುತ್ತಿದ್ದರೆ ವೈದ್ಯರನ್ನು ಕಾಣಿ’ ಎಂದು ಬರೆದು ಕಳಿಸಿಬಿಟ್ಟೆ. ಕರಡು ತಿದ್ದುವವರು ಫೋನ್ ಮಾಡಿ, ‘ಎಲ್ಲಿಗೆ ಓಡ್ತಾ ಇದೆ ಸಾರ್, ಹೋಗಿ ಹಿಡ್ಕೊಂಡು ಬರೋಣ್ವಾ?’ ಅಂದರು. ಮೂಗು ಸೋರುತ್ತೆ, ಓಡಲ್ಲ. ಹುಟ್ಟಿದಾಗಿನಿಂದ ಗೊತ್ತಿರುವ ಮಾತು. ಆದರೆ ಇಂಗ್ಲಿಷ್ ಹಾಳೆ ಎದುರಿಗಿದ್ದಾಗ ನಮ್ಮ ಮೂಗಿನ ಕನ್ನಡವೇ ನಮಗೆ ಮರೆತುಹೋಗುತ್ತೆ ನೋಡಿ.

ಆಮೇಲೆ ನಿಘಂಟಿನ ಬೆನ್ನು ಹತ್ತಿದೆ. ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಜಾಗ ತಿಂದಿದ್ದು ‘ಸೆಟ್’, 430 ಅರ್ಥಗಳು. ಈಗ ಪರಿಷ್ಕರಣೆ ಆಗುತ್ತಿರುವ ಆವೃತ್ತಿಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿದೆ. ಬರೀ ಕ್ರಿಯಾಪದಕ್ಕೇ 645 ಅರ್ಥ! ಕ್ರಿಕೆಟ್ಟಿನಲ್ಲಿ ನಾವು ಹೊಡೆಯುವ ರನ್ನು ಈ ಲೆಕ್ಕದಲ್ಲಿ ಇಲ್ಲ, ಅದು ನಾಮಪದ. ಇಷ್ಟನ್ನು ಬಾಯಿಪಾಠ ಮಾಡುವುದು ಆಗದ ಕೆಲಸ.

ಅದಕ್ಕೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಗಡೆ ‘ಓಡುತ್ತಿರುವುದು ಏನು’, ಬಲಗಡೆ ‘ಅದಕ್ಕೆ ನಮ್ಮ ಮನೇಲಿ ಏನಂತಾರೆ’. ‘ರನ್’ ಅನ್ನುವ ಪದವನ್ನು ಬೇಕಂತಲೇ ಎಲ್ಲೂ ಬರೆಯಲಿಲ್ಲ. ಹೊಸ ಸೀರೆಯಾದರೆ ಬಣ್ಣ ಬಿಡುತ್ತೆ. ನಲ್ಲಿಯಾದರೆ ನೀರು ಬಿಡಬೇಕು. ಹೋಟೆಲ್ ನಡೆಸುತ್ತಾರೆ. ಸಕ್ಕರೆ ಮುಗಿಯುತ್ತೆ. ಬಸ್ಸು ಮತ್ತು ಸಿನಿಮಾ ಮಾತ್ರ ನಮ್ಮಲ್ಲೂ ಓಡುತ್ತವೆ. ಚುನಾವಣೆಯ ಸಾಲು ನನಗೆ ತುಂಬ ಇಷ್ಟ. ಅಮೆರಿಕದ ಅಭ್ಯರ್ಥಿ ಓಡುತ್ತಾನೆ, ಇಂಗ್ಲೆಂಡಿನವನು ನಿಲ್ಲುತ್ತಾನೆ. ನಮ್ಮವರೂ ನಿಲ್ಲುತ್ತಾರೆ. ಓಡುವುದೇನಿದ್ದರೂ ಗೆದ್ದ ಮೇಲೆ, ರೆಸಾರ್ಟಿಗೆ.

ಈ ನೋಟ್‌ಬುಕ್ಕೂ ಕೈಕೊಟ್ಟಿದ್ದು ‘ಡ್ರೈ ರನ್’ ಬಂದಾಗ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗೆ ಕನ್ನಡ ಲೇಬಲ್ ಬರೆಯಬೇಕಿತ್ತು. ‘ಒಣ ಓಟದಿಂದ ರಕ್ಷಣೆ’ ಎಂದು ಬರೆದೆ. ಕಳಿಸುವ ಮುಂಚೆ, ಊರಲ್ಲಿ ತೆಂಗಿನ ತೋಟ ಇಟ್ಟುಕೊಂಡಿರುವ ನನ್ನ ಸೋದರಮಾವನಿಗೆ ಓದಿ ಹೇಳಿದೆ.

‘ಇದೇನೋ ಒಣ ಓಟ? ಓಟದ ಪಂದ್ಯಾನಾ?’

‘ಡ್ರೈ ರನ್ ಮಾವ.’

‘ಹಂಗನ್ನು ಮತ್ತೆ! ಹೋದ ಬೇಸಿಗೇಲಿ ಡ್ರೈ ರನ್ ಆಗೇ ಅಲ್ವಾ ನಮ್ಮ ಮೋಟರ್ ಸುಟ್ಟಿದ್ದು?’

ಆಮೇಲೆ ಅವರೇ ಬಿಡಿಸಿ ಹೇಳಿದರು. ಸಬ್‌ಮರ್ಸಿಬಲ್ ಮೋಟರನ್ನು ತಣ್ಣಗಿಡುವುದೇ ಸುತ್ತಲಿನ ನೀರು. ಬೋರಿನಲ್ಲಿ ನೀರು ಇಳಿದರೂ ಮೋಟರ್ ಸುಮ್ನೆ ತಿರುಗುತ್ತಾ ಇದ್ದರೆ ಕಾದು ಕಾದು ಒಳಗಿನ ವೈಂಡಿಂಗ್ ಸುಟ್ಟುಹೋಗುತ್ತೆ. ನೀರೆತ್ತುವ ಕೆಲಸ ಇಲ್ಲದಾಗ ಮೋಟರ್ ಎಳೆಯುವ ಕರೆಂಟು ಕಮ್ಮಿಯಾಗುತ್ತೆ. ಪೆಟ್ಟಿಗೆ ಅದನ್ನು ಗುರುತಿಸಿ ಮೋಟರ್ ನಿಲ್ಲಿಸುತ್ತೆ. ಇಷ್ಟೇ ವಿಷಯ. ಲೇಬಲ್ಲಿನಲ್ಲಿ ‘ನೀರಿಲ್ಲದಾಗ ಮೋಟರ್ ನಿಲ್ಲಿಸುತ್ತದೆ’ ಎಂದು ಬರೆದೆ. ಮಾವ ಅದಕ್ಕೂ ಒಪ್ಪಲಿಲ್ಲ. ‘ಡ್ರೈ ರನ್ ಅಂತಾನೂ ಹಾಕೋ. ಅಂಗಡೀಲಿ ಹಂಗೇ ಕೇಳೋದು’ ಅಂದರು. ಹಾಕಿದೆ. ಕನ್ನಡ ಪದವೇ ಇರಬೇಕು ಅಂತ ಹಟ ಮಾಡುತ್ತಿದ್ದವನು ಅವತ್ತು ಬಾಯಿ ಮುಚ್ಚಿಕೊಂಡೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2021ರ ಜನವರಿ 2ರಂದು ದೇಶದಾದ್ಯಂತ ಕೊರೊನಾ ಲಸಿಕೆಯ ಡ್ರೈ ರನ್ ನಡೆಯಿತು. ನಿಜವಾದ ಲಸಿಕೆ ಶುರುವಾಗಿದ್ದು 16ಕ್ಕೆ. ಪೇಪರಿನಲ್ಲಿ ‘ಡ್ರೈ ರನ್’ ಅಂತಲೇ ಇತ್ತು. ಮಾವನ ಫೋನು.

‘ಲಸಿಕೆ ಡ್ರೈ ರನ್ ಅಂತೆ. ಏನೋ ಸುಟ್ಟುಹೋಯ್ತು?’

ಏನೂ ಸುಟ್ಟಿಲ್ಲ ಮಾವ, ಇದು ಬೇರೆ ಅರ್ಥ, ತಾಲೀಮು ಅಂದೆ. ಜನ ಸಾಲಲ್ಲಿ ಬರುತ್ತಾರೆ, ಹೆಸರು ನೋಡುತ್ತಾರೆ, ಒಳಗೆ ಕೂರಿಸುತ್ತಾರೆ, ಆಮೇಲೆ ಅರ್ಧ ಗಂಟೆ ಕಾಯಿಸುತ್ತಾರೆ. ಲಸಿಕೆ ಒಂದನ್ನು ಮಾತ್ರ ಕೊಡಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೇರೆ ಅರ್ಥ ಎಲ್ಲಿ ಬಂತೋ? ನೀರಿಲ್ದೆ ಮೋಟರ್ ಓಡ್ದಂಗೇ ಆಯ್ತಲ್ಲ’ ಅಂದರು.

ನೋಟ್‌ಬುಕ್ಕಿನಲ್ಲಿ ಎರಡು ಬೇರೆ ಸಾಲು ಬರೆದಿದ್ದೆ. ಒಂದನ್ನು ಹೊಡೆದುಹಾಕಿದೆ.