ಡೆಲಿವರಿ ಶುಲ್ಕ: ಮೊದಲು ಲೆಕ್ಕ, ಆಮೇಲೆ ‘ಉಚಿತ’

ಆನ್‌ಲೈನ್ ಅಂಗಡಿಯಲ್ಲಿ ವಸ್ತು ಆರಿಸಿ, ವಿಳಾಸ ತುಂಬಿ, ಹಣ ಕಟ್ಟುವ ಪುಟದವರೆಗೆ ಬಂದ ಗ್ರಾಹಕರು ಅಲ್ಲಿಂದಲೇ ಹಿಂತಿರುಗುವುದಕ್ಕೆ ಒಂದು ದೊಡ್ಡ ಕಾರಣ, ಕೊನೆಗಳಿಗೆಯಲ್ಲಿ ಬಿಲ್ಲಿಗೆ ಸೇರಿಕೊಳ್ಳುವ ಡೆಲಿವರಿ ಶುಲ್ಕ. ಹಾಗೆಂದು ಎಲ್ಲವನ್ನೂ ಉಚಿತವಾಗಿ ಕಳಿಸಲು ಹೊರಟರೆ ಸಣ್ಣ ವ್ಯಾಪಾರಿಯ ಲಾಭವೆಲ್ಲ ಕೊರಿಯರ್‌ನವರ ಪಾಲಾಗುತ್ತದೆ. ಎರಡೂ ಆಗದಂತೆ ಶುಲ್ಕ ನಿಗದಿ ಮಾಡುವ ಬಗೆ ಇಲ್ಲಿದೆ.

1. ನಿಜವಾದ ವೆಚ್ಚ ಬರೆದಿಡಿ

ಕೊರಿಯರ್ ಕಂಪನಿಯ ದರಪಟ್ಟಿಯಷ್ಟೇ ವೆಚ್ಚವಲ್ಲ. ರಟ್ಟಿನ ಪೆಟ್ಟಿಗೆ, ಟೇಪ್, ಪ್ಯಾಕ್ ಮಾಡುವವರ ಕೂಲಿ, ಇಂಧನದ ಸರ್‌ಚಾರ್ಜ್, ದೂರದ ಊರುಗಳಿಗೆ ಹಾಕುವ ಹೆಚ್ಚುವರಿ ದರ, ಮನೆಯಲ್ಲಿ ಯಾರೂ ಸಿಗದೆ ವಾಪಸಾದ ಪಾರ್ಸೆಲ್‌ನ ಖರ್ಚು, ಎಲ್ಲವೂ ಸೇರಬೇಕು. ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ಹತ್ತಿರ ಮತ್ತು ದೂರ, ಹಗುರ ಮತ್ತು ಭಾರ ಎಂದು ವಿಂಗಡಿಸಿ ಪ್ರತಿ ಪಾರ್ಸೆಲ್‌ಗೆ ಎಷ್ಟು ಬೀಳುತ್ತದೆ ಎಂದು ಕಂಡುಕೊಳ್ಳಿ.

2. ತಕ್ಕಡಿಯ ಜೊತೆಗೆ ಅಳತೆಪಟ್ಟಿಯನ್ನೂ ಹಿಡಿಯಿರಿ

ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ಪಾರ್ಸೆಲ್ ಎಷ್ಟು ತೂಗುತ್ತದೆ ಎಂಬುದರ ಜೊತೆಗೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನೂ ಕೊರಿಯರ್ ಕಂಪನಿಗಳು ನೋಡುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವುದು ವಾಲ್ಯೂಮೆಟ್ರಿಕ್ ತೂಕ. ಇದು ಮತ್ತು ನಿಜವಾದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 40×30×25 ಸೆಂ.ಮೀ. ಪೆಟ್ಟಿಗೆಯಲ್ಲಿ ಒಂದೇ ಕಿಲೋ ತೂಗುವ ದಿಂಬು ಇಟ್ಟರೂ ಬಿಲ್ಲು ಬರುವುದು 6 ಕಿಲೋಗೆ! ಅದೇ ದಿಂಬನ್ನು ಅದುಮಿ 40×30×10ರ ಪೆಟ್ಟಿಗೆಗೆ ಇಳಿಸಿದರೆ 2.4 ಕಿಲೋ. ಶುಲ್ಕ ಏರಿಸುವ ಮುನ್ನ ಪೆಟ್ಟಿಗೆ ಕುಗ್ಗಿಸಲು ಸಾಧ್ಯವೇ ನೋಡಿ. ಭಾಗಿಸುವ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ನಿಮ್ಮ ಒಪ್ಪಂದದಲ್ಲಿ ಇರುವುದನ್ನೇ ಬಳಸಿ.

3. ವಿಧಾನ ಆರಿಸಿ

ವಸ್ತುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಎಲ್ಲರಿಗೂ ಒಂದೇ ದರ ಸಾಕು. ಗ್ರಾಹಕರಿಗೂ ಅದು ನೆನಪಿನಲ್ಲಿ ಉಳಿಯುತ್ತದೆ. ಉಂಗುರದಿಂದ ಕುರ್ಚಿಯವರೆಗೆ ಮಾರುವವರಿಗೆ ತೂಕ ಮತ್ತು ದೂರದ ಕೋಷ್ಟಕ ಬೇಕು, ಇಲ್ಲವೇ ಕೊರಿಯರ್ ಕಂಪನಿಯ ದರ ವಿಳಾಸಕ್ಕೆ ತಕ್ಕಂತೆ ತಾನೇ ಮೂಡುವ ವ್ಯವಸ್ಥೆ ಬೇಕು. ಡೆಲಿವರಿ ವೆಚ್ಚವನ್ನು ವಸ್ತುವಿನ ಬೆಲೆಯಲ್ಲೇ ಅಡಗಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮೂರು ವಸ್ತು ಒಟ್ಟಿಗೆ ಕೊಂಡವರು ಒಂದೇ ಪಾರ್ಸೆಲ್‌ಗೆ ಮೂರು ಬಾರಿ ಹಣ ತೆತ್ತಂತಾಗುತ್ತದೆ. ಹೆಚ್ಚು ಕೊಳ್ಳುವವರಿಗೇ ಅನ್ಯಾಯ. ವರ್ಷಕ್ಕೊಮ್ಮೆ ಹಣ ಕಟ್ಟಿದವರಿಗೆ ಪ್ರತಿ ಆರ್ಡರ್‌ಗೆ ಬೇರೆ ಡೆಲಿವರಿ ಶುಲ್ಕವಿಲ್ಲ ಎಂಬ, ಅಮೆಜಾನ್ 2005ರಲ್ಲಿ ಪ್ರೈಮ್ ಮೂಲಕ ತಂದ ವಾರ್ಷಿಕ ಸದಸ್ಯತ್ವದ ಮಾದರಿ, ಗ್ರಾಹಕರು ಪದೇಪದೇ ಬರುವ ಅಂಗಡಿಗಳಿಗೆ ಮಾತ್ರ ಹೊಂದುತ್ತದೆ.

4. ಉಚಿತದ ಮಿತಿ ಲೆಕ್ಕ ಹಾಕಿ

‘ಇಷ್ಟಕ್ಕಿಂತ ಹೆಚ್ಚು ಕೊಂಡರೆ ಡೆಲಿವರಿ ಉಚಿತ’ ಎಂಬ ಮಿತಿಯನ್ನು ಪಕ್ಕದ ಅಂಗಡಿ ನೋಡಿ ಇಡಬೇಡಿ. ನಿಮ್ಮಲ್ಲಿ ಸಾಮಾನ್ಯ ಆರ್ಡರ್‌ನ ಮೊತ್ತ 100 ಎಂದುಕೊಳ್ಳಿ. ಲಾಭಾಂಶ ಶೇ 30, ಡೆಲಿವರಿ ವೆಚ್ಚ 18. ಗ್ರಾಹಕರೇ ಶುಲ್ಕ ಕೊಟ್ಟಾಗ ನಿಮಗೆ ಉಳಿಯುವುದು 30. ಮಿತಿ 130 ಎಂದಿಟ್ಟರೆ ಲಾಭ 39, ಅದರಲ್ಲಿ ಡೆಲಿವರಿಗೆ 18 ಕಳೆದು ಉಳಿಯುವುದು 21. ಮಾರಾಟ ಹೆಚ್ಚಿತು, ಉಳಿತಾಯ ಇಳಿಯಿತು! ಸರಿದೂಗಬೇಕಾದರೆ ಡೆಲಿವರಿ ವೆಚ್ಚವನ್ನು ಲಾಭಾಂಶದಿಂದ ಭಾಗಿಸಿ: 18ನ್ನು 0.30ರಿಂದ ಭಾಗಿಸಿದರೆ 60. ಇದನ್ನು ಸಾಮಾನ್ಯ ಆರ್ಡರ್‌ನ 100ಕ್ಕೆ ಸೇರಿಸಿ, ಅಂದರೆ ಮಿತಿ 160 ಆಗಬೇಕು. ಅದು ತೀರಾ ದೂರ ಅನ್ನಿಸಿದರೆ 130ಕ್ಕೆ ಅರ್ಧ ಶುಲ್ಕವೆಂದು ಘೋಷಿಸಿ, ಲೆಕ್ಕ ಸರಿಹೋಗುತ್ತದೆ. ಹೊಸ ಗ್ರಾಹಕರನ್ನು ಸೆಳೆಯಲು ಕೆಲಕಾಲ ನಷ್ಟ ಸಹಿಸುವುದು ತಪ್ಪಲ್ಲ, ಆದರೆ ಎಷ್ಟು ನಷ್ಟ ಎಂಬುದು ಗೊತ್ತಿರಲಿ.

5. ಮೊದಲೇ ಹೇಳಿ

ಶುಲ್ಕವನ್ನು ವಸ್ತುವಿನ ಪುಟದಲ್ಲೇ, ಬೆಲೆಯ ಪಕ್ಕದಲ್ಲೇ ತೋರಿಸಿ. ವಿಳಾಸಕ್ಕೆ ತಕ್ಕಂತೆ ಬದಲಾಗುವುದಾದರೆ ಅಂಚೆ ಕೋಡ್ ಹಾಕಿ ನೋಡುವ ಸೌಲಭ್ಯ ಅಲ್ಲಿಯೇ ಇರಲಿ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ, ಆರ್ಡರ್‌ಗೆ ಮುನ್ನ ತಿಳಿಸದ ಡೆಲಿವರಿ ಶುಲ್ಕವನ್ನು ಗ್ರಾಹಕರು ಕೊಡಬೇಕಾಗಿಯೇ ಇಲ್ಲ. ಕಾನೂನು ಒತ್ತಾಯಿಸದ ಕಡೆಯೂ ಇದನ್ನು ಪಾಲಿಸಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

6. ವಾಪಸಾತಿಯ ನಿಯಮ ಬರೆಯಿರಿ

ವಸ್ತು ಮರಳಿಸಿದರೆ ಡೆಲಿವರಿ ಶುಲ್ಕ ವಾಪಸ್ ಸಿಗುತ್ತದೆಯೇ, ಮರಳಿ ಕಳಿಸುವ ಖರ್ಚು ಯಾರದು ಎಂಬುದನ್ನು ಎರಡು ಸಾಲಿನಲ್ಲಿ ಸ್ಪಷ್ಟಪಡಿಸಿ. ಒಡೆದ ಅಥವಾ ತಪ್ಪಾದ ವಸ್ತು ಹೋಗಿದ್ದರೆ ಪೂರ್ತಿ ಖರ್ಚು ನಿಮ್ಮದೇ.

7. ಆಗಾಗ ಪರಿಶೀಲಿಸಿ

ಕೊರಿಯರ್ ದರ ಬದಲಾದಾಗಲೆಲ್ಲ ನಿಮ್ಮ ಕೋಷ್ಟಕವೂ ಬದಲಾಗಬೇಕು. ಪಡೆದ ಶುಲ್ಕ ಮತ್ತು ಕಟ್ಟಿದ ಬಿಲ್ಲು, ಎರಡನ್ನೂ ತಿಂಗಳಿಗೊಮ್ಮೆ ಹೋಲಿಸಿ. ದರ ಏರಿಸುವುದು ಅನಿವಾರ್ಯವಾದರೆ, ಆಗಲೇ ಆರ್ಡರ್ ಮಾಡಿದವರಿಂದ ವ್ಯತ್ಯಾಸದ ಹಣ ಕೇಳಬೇಡಿ.